ಕೇಳಿ ಎತ್ತಿಕೊಳ್ಳಿ

ಹುಣಸೂರು
9-6-1968

ಪ್ರೀತಿಯ ಯಜಮಾನರಿಗೆ ಕೃಪಾವತಿಯ ವಂದನೆಗಳು.

ನೀವು ಬೀಚನಹಳ್ಳಿಯ ಬಸ್ಸು ಹತ್ತಿ ಹೋದ ಮೇಲೆ ಮನೆ ದೊಡ್ಡದಾಗಿಬಿಟ್ಟಿದೆ. ಬಾಡಿಗೆಗೆ ಹಿಡಿಯುವಾಗ ಎರಡೇ ಕೋಣೆಯಾ ಎಂದು ಮೂಗು ಮುರಿದವಳು ನಾನೇ. ಈಗ ಒಳಕೋಣೆಗೆ ಹೋಗುವುದಕ್ಕೆ ಕೆಲಸವೇ ಇರುವುದಿಲ್ಲ. ಸಂಜೆ ದೀಪ ಹಚ್ಚಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತೇವೆ. ರೆಬೆಕ್ಕ ಎರಡನೆಯ ತರಗತಿಗೆ ಸೇರಿದಳು. ನೀವು ಇಟ್ಟ ಹೆಸರೇ ಶಾಲೆಯಲ್ಲೂ ನಿಂತಿದೆ, ಎಲ್ಲರೂ ಬೆಕ್ಕಮ್ಮ ಬೆಕ್ಕಮ್ಮ ಎನ್ನುತ್ತಾರಂತೆ. ಕರೆದರೆ ಮಿಯಾಂವ್ ಎನ್ನುತ್ತಾಳಂತೆ. ಮೇಷ್ಟರು ಬೈದರು.

ನೀವಿಲ್ಲದಿದ್ದರೂ ಶುಕ್ರವಾರದ ಮನೆಪ್ರಾರ್ಥನೆ ನಿಂತಿಲ್ಲ. ನಿಮ್ಮ ಸಮಾಧಾನಪ್ಪ ದೊಡ್ಡಪ್ಪ ತಪ್ಪದೆ ಬರುತ್ತಾರೆ. ಉಪದೇಶಿ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ಕಾಲು ಮನೆಮನೆಗೆ ನಡೆಯುವುದನ್ನು ಮರೆತಿಲ್ಲ. ಆದರೆ ನಿಮ್ಮ ಮಗಳದು ಹೊಸ ಹಟ ಶುರುವಾಗಿದೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಮಗು ಉಪದೇಶಿ ತಾತನ ತೊಡೆಯ ಮೇಲೆ ಕೂತು ವಾರದ ವಾಕ್ಯ ಒಪ್ಪಿಸಿ ಪೆಪ್ಪರಮೆಂಟು ಈಸಿಕೊಳ್ಳಬೇಕಲ್ಲ, ನಮ್ಮ ಸಭೆಯಲ್ಲಿ ಎಲ್ಲ ಮಕ್ಕಳೂ ಹಾಗೇ ಬೆಳೆದದ್ದು. ಇವಳು ಮಾತ್ರ ಸೌದೆ ಒಟ್ಟಿದ ಮೂಲೆಗೆ ಹೋಗಿ ಕೂರುತ್ತಾಳೆ. ನಿಂತೇ ಹೇಳುತ್ತೇನೆ ಎನ್ನುತ್ತಾಳೆ. ನನಗೆ ನಾಚಿಕೆಯಾಗಿ ರಟ್ಟೆ ಹಿಡಿದು ತಂದು ಕೂರಿಸಿ, ಅವರಿಗೆ ಕಾಫಿ ಮಾಡಲು ಒಳಗೆ ಹೋದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಈ ಹಟವೆಲ್ಲ ನಿಮ್ಮ ಕಡೆಯಿಂದ ಬಂದದ್ದು, ನಮ್ಮ ಕಡೆಯವರು ಹೇಳಿದ್ದು ಕೇಳುವವರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಉತ್ತರ ಬರೆಯಿರಿ, ಉದ್ದಕ್ಕೆ ಬರೆಯಿರಿ.

ನಿಮ್ಮ
ಕೃಪಾ

*

ಬೀಚನಹಳ್ಳಿ ಅಣೆಕಟ್ಟೆ ಕ್ಯಾಂಪು
23-6-1968

ಪ್ರಿಯ ಕೃಪಾ,

ನಿನ್ನ ಕಾಗದವನ್ನು ಮೂರು ಸಂಜೆ ಇಟ್ಟುಕೊಂಡು ಓದಿದೆ. ಇಲ್ಲಿ ಓದಲು ಬೇರೆ ಏನೂ ಇಲ್ಲ. ತಗಡಿನ ಶೆಡ್ಡು, ಮಳೆ ಬಂದರೆ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ವರ್ಕ್ ಇನ್‌ಸ್ಪೆಕ್ಟರುಗಳಿಗೆ ಸಂಸಾರದ ಕ್ವಾರ್ಟರ್ಸ್ ಇನ್ನೂ ಕಟ್ಟಿಲ್ಲ. ಹೊಳೆಗೆ ಕಟ್ಟೆ ಕಟ್ಟುವವರಿಗೆ ಮನೆ ಕಟ್ಟಲು ಪುರುಸೊತ್ತಿಲ್ಲವಂತೆ.

ಭಾನುವಾರ ಇಲ್ಲಿ ಆರಾಧನೆ ಇಲ್ಲ. ಹೋದ ವಾರ ಒಬ್ಬನೇ ಕೂತು ಒಂದು ಕೀರ್ತನೆ ಹಾಡಿದೆ. ಅಂತರಸಂತೆಯ ಕಡೆಯ ಕಾಡಿನೊಳಗಿನ ಹಾಡಿಯಿಂದ ಬಂದ ಮಾರ ನಮ್ಮ ಶೆಡ್ಡಿನ ಕಾವಲಿಗೆ ಇದ್ದಾನೆ. ಓಡಿಬಂದು ಬಾಗಿಲು ತಟ್ಟಿ, “ಏನಾಯ್ತು ಸ್ವಾಮಿ, ಒಟ್ಟೆ ನೋವಾ?” ಎಂದ. ನನ್ನ ಸಂಗೀತಕ್ಕೆ ಸಿಕ್ಕ ಮರ್ಯಾದೆ ಅದು.

ದೊಡ್ಡಪ್ಪ ಮನೆಗೆ ಬರುತ್ತಿರುವುದು ನನಗೆ ದೊಡ್ಡ ಧೈರ್ಯ. ಅಪ್ಪ ತೀರಿಕೊಂಡಾಗ ನನ್ನ ಕೈ ಹಿಡಿದು ಬೋರ್ಡಿಂಗಿಗೆ ಸೇರಿಸಿದವರು ಅವರು, ನಿನ್ನನ್ನು ಹುಡುಕಿ ತಂದವರೂ ಅವರೇ. ಬೆಕ್ಕಮ್ಮನಿಗೆ ಹೇಳು, ಹಿರಿಯರ ಮಾತು ಮೀರಿದರೆ ಯೇಸುಸ್ವಾಮಿಗೆ ಬೇಸರವಾಗುತ್ತದೆ. ಅಪ್ಪನಿಗೂ ಆಗುತ್ತದೆ.

ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಲಕ್ಷ್ಮಣತೀರ್ಥದ ಸೇತುವೆಯವರೆಗೆ ನಡೆಯುತ್ತಿದ್ದುದು ನೆನಪಾಗುತ್ತದೆ. ಹೆಗಲು ಈಗ ಹಗುರವಾಗಿದೆ, ಚೆನ್ನಾಗಿಲ್ಲ.

ನಿನ್ನ
ಜಯಶೀಲ

*

ಹುಣಸೂರು
14-7-1968

ಯಜಮಾನರಿಗೆ,

ಇಲ್ಲಿ ದೇವರ ದಯೆಯಿಂದ ಕ್ಷೇಮ ಎಂದು ಮೊದಲ ಸಾಲು ಬರೆಯಲು ಕೂತೆ. ಬರೆಯಲಾಗಲಿಲ್ಲ. ಇದನ್ನು ನೀವು ಒಬ್ಬರೇ ಇರುವಾಗ ಓದಿ.

ಮಲಗುವ ಮುಂಚೆ ದಿನದ ತಪ್ಪನ್ನು ದೇವರಿಗೆ ಒಪ್ಪಿಸಿ ಕ್ಷಮೆ ಕೇಳು ಎಂದು ರೆಬೆಕ್ಕಳಿಗೆ ಕಲಿಸಿದ್ದು ನಾವೇ ತಾನೆ? ದಿನವೂ ಬಳಪ ಮುರಿದದ್ದು, ಸಕ್ಕರೆ ಕದ್ದದ್ದು ಹೇಳುತ್ತಾಳೆ, ನಾನು ನಗು ತಡೆದುಕೊಂಡು ಆಮೆನ್ ಎನ್ನುತ್ತೇನೆ. ಗುರುವಾರ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಯೇಸಪ್ಪಾ, ತಾತನ ತೊಡೆ ಮೇಲೆ ಕೂರೋಕೆ ನಂಗೆ ಇಷ್ಟ ಇಲ್ಲ. ಬೇಡ ಅಂದೆ. ಅದು ಪಾಪ. ನನ್ನ ಕ್ಷಮಿಸು. ನಾಳೆ ಶುಕ್ರವಾರ ಬರದ ಹಾಗೆ ಮಾಡು. ಆಮೆನ್.”

ನಾನು ಆಮೆನ್ ಎನ್ನಲಿಲ್ಲ.

ಅವಳನ್ನು ಬೆದರಿಸದೆ, ಒತ್ತಾಯಿಸದೆ, ತಲೆ ಸವರುತ್ತಾ ಕೇಳಿದೆ. ನಾನು ಕಾಫಿ ಮಾಡಲು ಒಳಗೆ ಹೋದಾಗಲೆಲ್ಲ ಅವರು ಕೈ ಇಡಬಾರದ ಕಡೆ ಇಟ್ಟಿದ್ದಾರೆ. ಇಳಿಯುತ್ತೇನೆ ಎಂದರೆ ಬಿಟ್ಟಿಲ್ಲ. ಇದು ನಿನಗೂ ನನಗೂ ದೇವರಿಗೂ ಮಾತ್ರ ಗೊತ್ತಿರಬೇಕಾದ ಗುಟ್ಟು, ಅಮ್ಮನಿಗೆ ಹೇಳಿದರೆ ದೇವರು ಸಿಟ್ಟಾಗುತ್ತಾರೆ ಎಂದಿದ್ದಾರೆ. ಮಗು ಅಮ್ಮನಿಗೆ ಹೇಳಲಿಲ್ಲ. ದೇವರಿಗೆ ಹೇಳಿತು. ಪಕ್ಕದಲ್ಲಿ ನಾನು ಕೂತಿದ್ದೆ, ಅಷ್ಟೇ.

ಶುಕ್ರವಾರ ಅವರು ಬಂದಾಗ ಹೊಸಿಲ ಮೇಲೆ ನಿಂತೆ. “ಇನ್ನು ಈ ಮನೆಗೆ ಬರಬೇಡಿ” ಎಂದೆ. ಯಾಕೆ ಎನ್ನಲಿಲ್ಲ. ಕೊಡೆ ಬಿಡಿಸಿಕೊಂಡು ಹೊರಟುಹೋದರು. ನೀವು ಅವರಿಗೆ ಎರಡು ಸಾಲು ಬರೆಯಬೇಕು. ಮನೆಯ ಗಂಡಸಿನ ಮಾತು ಇದೇ ಎಂದು ಅವರಿಗೆ ಗೊತ್ತಾಗಬೇಕು. ನಾನು ನಿಮ್ಮನ್ನು ಈವರೆಗೆ ಏನೂ ಕೇಳಿಲ್ಲ, ಸೀರೆಯನ್ನೂ ಕೇಳಿಲ್ಲ. ಇದನ್ನು ಕೇಳುತ್ತಿದ್ದೇನೆ.

ಕೃಪಾ

*

ಬೀಚನಹಳ್ಳಿ
28-7-1968

ಕೃಪಾ,

ಕಾಗದ ಓದಿದಾಗಿನಿಂದ ಕೆಲಸದಲ್ಲಿ ಮನಸ್ಸಿಲ್ಲ. ಗಾರೆ ಅಳತೆ ತಪ್ಪಿ ಓವರ್‌ಸಿಯರರಿಂದ ಬೈಸಿಕೊಂಡೆ.

ನೀನು ಸುಳ್ಳು ಹೇಳುವವಳಲ್ಲ. ಮಗುವೂ ಸುಳ್ಳು ಹೇಳುವುದಿಲ್ಲ. ಆದರೆ ಮಗುವಿಗೆ ಏನು ತಿಳಿಯುತ್ತದೆ? ವಯಸ್ಸಾದವರು, ಕೈ ನಡುಗುತ್ತದೆ, ಬೀಳದಂತೆ ಹಿಡಿದುಕೊಂಡಿರಬಹುದು. ನಾನು ಅವರ ಮನೆಯ ಮುದ್ದೆ ಉಂಡು ದೊಡ್ಡವನಾದವನು. ಉಂಡ ಮನೆಗೆ ಎರಡು ಬಗೆಯಬಾರದು. ಯಾವ ಬಾಯಿಂದ ಅವರಿಗೆ ಹಾಗೆ ಬರೆಯಲಿ? ಸಭೆಯಲ್ಲಿ ಈ ಮಾತು ಹರಡಿದರೆ ನಾಳೆ ನಮ್ಮ ಹುಡುಗಿಯ ಹೆಸರೇ ಕೆಡುತ್ತದೆ. ಅದನ್ನು ಯೋಚಿಸಿದೆಯಾ?

ನನ್ನ ಮಾತು ಕೇಳು. ನನಗೆ ಆರೋಗ್ಯ ಸರಿಯಿರಲಿಲ್ಲ, ಏನೋ ಅಂದುಬಿಟ್ಟೆ ಎಂದು ಅವರಿಗೆ ಹೇಳಿಕಳಿಸು. ಶುಕ್ರವಾರ ಬೇಕಾದರೆ ನೀನು ಪಕ್ಕದಲ್ಲೇ ಕೂತಿರು, ಕಾಫಿಯನ್ನು ಮುಂಚೆಯೇ ಮಾಡಿಟ್ಟುಕೋ.

ಜಯಶೀಲ

*

ಹುಣಸೂರು
11-8-1968

ಯಜಮಾನರಿಗೆ,

ಕಾಫಿಯನ್ನು ಮುಂಚೆಯೇ ಮಾಡಿಟ್ಟುಕೋ ಎಂದು ಬರೆದಿದ್ದೀರಿ. ಆ ಸಾಲನ್ನು ಓದಿ ನಾನು ನಕ್ಕೆ, ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ನಾನು ಕ್ಷಮೆ ಕೇಳುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಯ ವಯಸ್ಸು ನೋಡುತ್ತಾ ಕೂರಲಾಗುವುದಿಲ್ಲ.

ನೀವು ಕೇಳದಿದ್ದರೂ ಹೇಳುತ್ತೇನೆ, ಅವಳಿಗೆ ಏನು ಕಲಿಸಿದೆ ಎಂದು. ಎಣ್ಣೆನೀರು ಹಾಕುವಾಗ ಶುರುಮಾಡಿದೆ. ಹನ್ನೆರಡು ಶಿಷ್ಯರ ಹೆಸರು ಗಿಣಿಯ ಹಾಗೆ ಒಪ್ಪಿಸುವ ಮಗುವಿಗೆ ತನ್ನ ಮೈಯ ಬಗ್ಗೆ ಒಂದು ಮಾತೂ ನಾವು ಹೇಳಿಕೊಟ್ಟಿಲ್ಲ, ಛೀ ಎನ್ನುವುದೊಂದನ್ನು ಬಿಟ್ಟು. ನನ್ನ ಬಾಯಿಗೂ ಮಾತು ಸಿಗಲಿಲ್ಲ. ತಡವರಿಸಿಕೊಂಡೇ ಹೇಳಿದೆ. ಈ ಮೈ ದೇವರು ನಿನಗೆ ಕೊಟ್ಟದ್ದು, ಅದರಲ್ಲಿ ಛೀ ಎನ್ನುವಂಥದ್ದು ಯಾವುದೂ ಇಲ್ಲ. ನಿನ್ನ ಚಡ್ಡಿ, ರವಿಕೆ ಮುಚ್ಚುವ ಜಾಗ ನಿನ್ನದು. ತೊಳೆಯುವಾಗ ಅಮ್ಮ ಮುಟ್ಟಬಹುದು, ಕಾಯಿಲೆಯಾದರೆ ಅಮ್ಮನ ಎದುರಿಗೆ ಡಾಕ್ಟರು ನೋಡಬಹುದು. ಬೇರೆಯವರು ಯಾರೇ ಆಗಲಿ, ತಾತನಾಗಲಿ, ಮಾವನಾಗಲಿ, ಪಾದ್ರಿ ಅಯ್ಯನವರೇ ಆಗಲಿ, ನೀನು ಬೇಡ ಎನ್ನು, ಎದ್ದು ಬಾ, ನನಗೆ ಹೇಳು. ಅಮ್ಮನಿಗೆ ಹೇಳಬೇಡ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಹೇಳು. ಮುತ್ತಿಡುವುದು, ಎತ್ತಿಕೊಳ್ಳುವುದು ಕೂಡ ನಿನಗೆ ಇಷ್ಟವಿದ್ದರೆ ಮಾತ್ರ, ಕೇಳಿ ಎತ್ತಿಕೊಳ್ಳಿ ಎಂದು ಹೇಳು.

“ಬೇಡ ಅಂದ್ರೆ ದೇವರಿಗೆ ಕೋಪ ಬರಲ್ವಾ?” ಎಂದಳು. ಇಲ್ಲ ಕಣೆ, ನಿನ್ನ ಪ್ರಾರ್ಥನೆ ಕೇಳಿಸಿಕೊಂಡದ್ದಕ್ಕೇ ಅಲ್ಲವೇ ಶುಕ್ರವಾರ ಅಮ್ಮ ಬಾಗಿಲಲ್ಲಿ ನಿಂತದ್ದು ಎಂದೆ. ತಲೆಯ ನೀರು ಒರೆಸಿಕೊಳ್ಳುತ್ತಾ, “ನಂದೇನೂ ಪಾಪ ಇಲ್ವಾ ಹಂಗಾದ್ರೆ?” ಎಂದು ಕೇಳಿದಳು. ಇಷ್ಟು ದಿನ ಅದನ್ನು ಒಬ್ಬಳೇ ಹೊತ್ತಿದ್ದಳು.

ಸಭೆಯ ವಿಷಯ ಹೇಳುವುದಾದರೆ, ಸಮಾಧಾನಪ್ಪನವರನ್ನು ಮನೆಗೆ ಸೇರಿಸದ ಸೊಸೆ ಎಂದು ಎಲ್ಲರಿಗೂ ಗೊತ್ತಾಗಿದೆ. ಕಾರಣ ಯಾರೂ ಕೇಳುವುದಿಲ್ಲ, ನಾನು ಬೀದಿಯಲ್ಲಿ ಸಾರುವುದೂ ಇಲ್ಲ. ನಾನು ನಡೆಸುತ್ತಿದ್ದ ಭಾನುವಾರ ಶಾಲೆಯನ್ನು ಬೇರೆಯವರಿಗೆ ಕೊಟ್ಟರು. ಹೆಂಗಸರ ಕಡೆಯ ಎರಡನೆಯ ಬೆಂಚಿನಲ್ಲಿ ಈಗ ನಾವಿಬ್ಬರೇ ಕೂರುತ್ತೇವೆ. ಐದು ಜನ ಇಕ್ಕಟ್ಟಾಗಿ ಕೂರುತ್ತಿದ್ದ ಬೆಂಚು ಅದು.

ಮನೆಗೆ ಬರುವವರು ಪಕ್ಕದ ಹೊಗೆಸೊಪ್ಪಿನ ವ್ಯಾಪಾರಿಯ ಹೆಂಡತಿ ಗುರುಶಾಂತಮ್ಮ ಒಬ್ಬರೇ. ನಿನ್ನೆ ಬೇಲಿಯಾಚೆಯಿಂದ, “ಏನವ್ವ ಟೀಚರಮ್ಮ, ನಿಮ್ಮೋರು ಒಬ್ರೂ ಬತ್ತಾ ಇಲ್ವಲ್ಲ ಈಗ? ಬುಡಿ ಅತ್ಲಾಗೆ, ಒಬ್ಬಟ್ಟು ಮಾಡಿವ್ನಿ, ಬೆಕ್ಕಮ್ಮನ್ನ ಕಳ್ಸಿ” ಎಂದರು. ಅವರ ಕೊರಳಲ್ಲಿ ಲಿಂಗ, ನಮ್ಮ ಗೋಡೆಯಲ್ಲಿ ಶಿಲುಬೆ, ನಡುವೆ ಒಬ್ಬಟ್ಟು. ನನ್ನವರು ಅನ್ನಿಸಿಕೊಂಡವರ ಮನೆಯಿಂದ ಒಂದು ಲೋಟ ಮಜ್ಜಿಗೆ ಬಂದಿಲ್ಲ.

ನಿಮ್ಮ ಕಾಗದವೂ ಹೀಗೇ ಇದ್ದರೆ ನಾನು ಯಾರ ಹತ್ತಿರ ಹೋಗಲಿ? ದಸರಾ ರಜಕ್ಕೆ ಬನ್ನಿ. ಮಗುವನ್ನು ನೋಡಿ ಮಾತಾಡಿ.

ಕೃಪಾ

*

ಬೀಚನಹಳ್ಳಿ
6-10-1968

ಕೃಪಾ,

ನಡುವೆ ಬರೆಯದೆ ಇದ್ದದ್ದಕ್ಕೆ ದಸರಾಕ್ಕೆ ಬಂದಾಗ ಬೈಸಿಕೊಂಡಾಗಿದೆ. ಈಗ ನಾನು ಹೇಳುವುದನ್ನು ಕೇಳು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನೀವಿಬ್ಬರೂ ನಿಂತಿದ್ದಿರಿ. ತಿಂಗಳುಗಟ್ಟಲೆ ನಾನು ಕಾದದ್ದು ಆ ಒಂದು ಗಳಿಗೆಗೆ. ಟ್ರಂಕು ಕೆಳಗಿಟ್ಟು ಕೈ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಹೋಗಿ, “ಕೇಳಿ ಎತ್ತಿಕೊಳ್ಳಿ ಅಪ್ಪ” ಎಂದಳು. ಕಂಡಕ್ಟರು ನಕ್ಕ. ಕಡಲೆಕಾಯಿ ಮಾರುವವಳು ನಕ್ಕಳು. ನನ್ನ ಕೈ ಹಾಗೇ ಗಾಳಿಯಲ್ಲಿತ್ತು. ಹೆತ್ತ ಅಪ್ಪ ಅಪ್ಪಣೆ ಚೀಟಿ ತರಬೇಕಾ? ನಾನು ಕೇಳಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಬಂದಷ್ಟೂ ದಿನ ಅವಳು ನನ್ನ ಸುತ್ತ ಸುಳಿದಾಡಿದಳು, ನಾನು ಬಿಗುಮಾನದಲ್ಲಿ ಪೇಪರು ಹಿಡಿದು ಕೂತೆ. ಒಬ್ಬ ಮುದುಕನ ಮೇಲಿನ ಸಿಟ್ಟಿಗೆ ನನ್ನ ಮಗಳನ್ನು ನನಗೇ ಹೊರಗಿನವಳನ್ನಾಗಿ ಮಾಡಿದ್ದೀಯ.

ದೊಡ್ಡಪ್ಪನ ಮನೆಗೂ ಹೋಗಿದ್ದೆ, ನಿನಗೆ ಹೇಳಲಿಲ್ಲ. ಕುಗ್ಗಿಹೋಗಿದ್ದಾರೆ. ಇದು ಯಾರ್ಯಾರಿಗೆ ಗೊತ್ತಾಗಿದೆ ಜಯಶೀಲ ಎಂದು ಮತ್ತೆ ಮತ್ತೆ ಕೇಳಿ ಕಣ್ಣೀರು ಹಾಕಿದರು. ಕಾಲಿಗೆ ನಮಸ್ಕಾರ ಮಾಡಿ ಎದ್ದು ಬಂದೆ.

ಜಯಶೀಲ

*

ಹುಣಸೂರು
13-10-1968

ಯಜಮಾನರಿಗೆ,

ನಿಮಗೆ ನೋವಾದದ್ದು ನನಗೂ ನೋವೇ. ಆದರೆ ಅವಳು ನಿಮ್ಮನ್ನು ಬೇಡ ಎನ್ನಲಿಲ್ಲ. ಕೇಳಿ ಎಂದಳು. ಕೇಳಿದ್ದರೆ ಏನೆನ್ನುತ್ತಿದ್ದಳು ಎಂದು ನೀವು ನೋಡಲೇ ಇಲ್ಲ. ಬಸ್ಸು ಹೊರಟ ಮೇಲೆ, “ಅಪ್ಪ ಯಾಕೆ ಕೇಳಲಿಲ್ಲ?” ಎಂದಳು.

ಅವಳಿಗೆ ಕಲಿಸಿದ್ದನ್ನು ನಾನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ನೀವು ಕಾಗದ ಬರೆಯುವುದನ್ನು ಬಿಟ್ಟರೂ ಸರಿಯೇ. ಬೆಂಚಿನಲ್ಲಿ ಒಂಟಿಯಾಗಿ ಕೂತು ಅಭ್ಯಾಸವಾಗಿದೆ, ಮನೆಯಲ್ಲೂ ಆಗುತ್ತದೆ ಎಂದು ಬರೆಯಬೇಕೆಂದಿದ್ದೆ. ಆಗುವುದಿಲ್ಲ. ನಿಮ್ಮ ಕಾಗದಕ್ಕೆ ದಿನಾ ಪೋಸ್ಟಿನವನ ದಾರಿ ನೋಡುತ್ತೇನೆ.

ಕೃಪಾ

*

ಬೀಚನಹಳ್ಳಿ
24-11-1968

ಪ್ರಿಯ ಕೃಪಾ,

ಸಿಟ್ಟಿನಿಂದಲ್ಲ ನಾನು ಬರೆಯದಿದ್ದದ್ದು. ಬರೆದು ಬರೆದು ಒಲೆಗೆ ಹಾಕಿದೆ. ಮಾರ ಒಂದು ದಿನ ತಡೆಯಲಾರದೆ, “ಅಂಗೇ ಎಷ್ಟು ದಿಸ ಕುಂತ್ಕತೀರಿ ಸ್ವಾಮಿ? ಮಗೀಗೆ ಉಸಾರಿಲ್ವಾ?” ಎಂದು ಕೇಳಿದ. ಹುಷಾರಾಗಿದ್ದಾಳೆ, ನಾನೇ ಸರಿಯಿಲ್ಲ ಎಂದೆ.

ದೊಡ್ಡಪ್ಪ ಅತ್ತದ್ದು ತಲೆಯಿಂದ ಹೋಗಲಿಲ್ಲ. ಮೊದಮೊದಲು ಕರುಣೆ ಬರುತ್ತಿತ್ತು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕಲ್ಲಿನ ಸಂದಿಗೆ ಗಾರೆ ತುಂಬಿಸುತ್ತಾ ನಿಂತಿದ್ದಾಗ ಅವರ ಮಾತು ಮತ್ತೆ ಕೇಳಿಸಿತು. ಯಾರ್ಯಾರಿಗೆ ಗೊತ್ತಾಗಿದೆ. ಅದನ್ನೇ ಕೇಳಿದರು ಕೃಪಾ, ಎಷ್ಟು ಸಲ ಕೇಳಿದರು! ಮಗು ಏನು ಹೇಳಿತು ಎಂದು ಒಂದು ಸಲವೂ ಕೇಳಲಿಲ್ಲ. ತಪ್ಪು ಮಾಡದವನಾದರೆ ಮೊದಲು ಅದನ್ನೇ ಕೇಳುತ್ತಿದ್ದ. ಎದೆ ಬಡಿದುಕೊಂಡು ಕೇಳುತ್ತಿದ್ದ. ಅವರಿಗೆ ಮಗು ಏನು ಹೇಳಿತೆಂದು ಗೊತ್ತಿತ್ತು. ಹಾಗೇ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ, ಆಳುಗಳು ಬಿಸಿಲು ಹೊಡೆಯಿತೆಂದು ನೀರು ತಂದುಕೊಟ್ಟರು.

ಅವರಿಗೆ ಕಾಗದ ಬರೆದಿದ್ದೇನೆ. ಮೊದಲು ದೊಡ್ಡಪ್ಪನವರಿಗೆ ಎಂದು ಬರೆದೆ, ಆಮೇಲೆ ಹೊಡೆದುಹಾಕಿ ಹೆಸರು ಬರೆದೆ. ನನ್ನ ಮನೆಗೆ ಕಾಲಿಡಬೇಡಿ, ಇನ್ನು ಯಾರ ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಬೇಡಿ, ನನ್ನ ಹೆಂಡತಿ ಹೊಸಿಲಲ್ಲಿ ಹೇಳಿದ್ದು ನನ್ನ ಮಾತು ಎಂದು ಬರೆದೆ. ಮೈಸೂರಿನ ಅಯ್ಯನವರಿಗೂ ಎಲ್ಲವನ್ನೂ ತಿಳಿಸಿ ಬರೆದಿದ್ದೇನೆ. ಅಂಚೆಗೆ ಹಾಕಿ ಬರುವಾಗ ಅಪ್ಪ ಇನ್ನೊಂದು ಸಲ ಸತ್ತ ಹಾಗಾಯಿತು. ನನಗೆ ಹಿರಿಯರು ಎಂದು ಇನ್ನು ಯಾರೂ ಇಲ್ಲ.

ನೀನು ಒಬ್ಬಳೇ ನಿಂತಿದ್ದಾಗ ನಾನು ಕಾಫಿಯ ಮಾತಾಡಿದೆ. ಅದನ್ನು ಮರೆಯಬೇಡ, ಆದರೆ ಅದಕ್ಕಾಗಿ ನನ್ನನ್ನು ಬಿಡಬೇಡ.

ಕ್ರಿಸ್‌ಮಸ್ಸಿಗೆ ರಜ ಸಿಕ್ಕಿದೆ. ಗಂಡಸರ ಕಡೆ ಹೋಗುವುದಿಲ್ಲ, ನಿಮ್ಮ ಬೆಂಚಿನಲ್ಲೇ ಕೂರುತ್ತೇನೆ. ಯಾರು ಏನಾದರೂ ಅಂದುಕೊಳ್ಳಲಿ. ಮಗಳ ಎದುರಿಗೆ ಹೇಗೆ ನಿಲ್ಲಲಿ ಎನ್ನುವುದೊಂದೇ ನನಗೆ ಗೊತ್ತಾಗುತ್ತಿಲ್ಲ.

ನಿನ್ನ
ಜಯಶೀಲ

*

ಹುಣಸೂರು
8-12-1968

ನನ್ನ ಪ್ರೀತಿಯ ಯಜಮಾನರಿಗೆ,

ನಿಮ್ಮ ಕಾಗದವನ್ನು ನಿಂತೇ ಓದಿದೆ. ಒಲೆಯ ಮೇಲೆ ಸಾರು ಸೀದುಹೋಯಿತು. ಸೀದ ಸಾರನ್ನೇ ಉಂಡೆವು. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಅಯ್ಯನವರು ಹೋದ ಭಾನುವಾರ ಬಂದಿದ್ದರು. ಸಮಾಧಾನಪ್ಪನವರು ವಯಸ್ಸಾದ ಕಾರಣ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ, ಇನ್ನು ಮನೆಗಳ ಪ್ರಾರ್ಥನೆಗೆ ಬರುವುದಿಲ್ಲ ಎಂದು ಪ್ರಕಟಿಸಿದರು. ವಿಶ್ರಾಂತಿಯಂತೆ! ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಪದ್ಧತಿ ಬೇಡ, ನಿಂತು ವಾಕ್ಯ ಒಪ್ಪಿಸಲಿ, ತಾಯಿತಂದೆ ಎದುರಿಗಿರಲಿ ಎಂದು ಮೆಲ್ಲಗೆ ಸೇರಿಸಿದರು. ಅಷ್ಟಾದರೂ ಆಯಿತು. ಕೆಲವರು ನನ್ನತ್ತ ತಿರುಗಿ ನೋಡಿದರು. ಬೆಂಚು ಹಾಗೇ ಇದೆ.

ಆದರೆ ಮಂಗಳವಾರ ಮುಸ್ಸಂಜೆ ಹಿತ್ತಲ ಬಾಗಿಲು ಯಾರೋ ತಟ್ಟಿದರು. ಭಾನುವಾರ ಶಾಲೆಯನ್ನು ನನ್ನ ಕೈಯಿಂದ ತೆಗೆದುಕೊಂಡಾಕೆ, ಎಲಿಜಮ್ಮ. ಚಿಕ್ಕ ಮಗಳ ಕೈ ಹಿಡಿದುಕೊಂಡು ಬಂದಿದ್ದರು. ಕೂತು ಸೆರಗಿನ ಅಂಚು ಮಡಿಸುತ್ತಿದ್ದರು. ಕೊನೆಗೆ, “ನಿನ್ನ ಮಗಳಿಗೆ ಏನು ಹೇಳಿಕೊಟ್ಟೆ ಕೃಪಾ, ನನ್ನ ಮಗಳಿಗೂ ಹೇಳಿಕೊಡು. ನಂಗೆ ಬಾಯಿ ಬರಲ್ಲ” ಎಂದರು. ಆ ಮಗು ಅಮ್ಮನ ಸೀರೆಯೊಳಗೆ ಮುಖ ಇಟ್ಟುಕೊಂಡಿತ್ತು. ಹೇಳಿಕೊಟ್ಟೆ. ಅರ್ಧ ರೆಬೆಕ್ಕಳೇ ಹೇಳಿಕೊಟ್ಟಳು, ನನಗಿಂತ ಜೋರಾಗಿ. ಎಲಿಜಮ್ಮ ಹೋಗುವಾಗಲೂ ಹಿತ್ತಲ ಬಾಗಿಲಿನಿಂದಲೇ ಹೋದರು. ಭಾನುವಾರ ನಮ್ಮ ಬೆಂಚಿಗೆ ಬರುವ ಧೈರ್ಯ ಅವರಿಗಿನ್ನೂ ಇಲ್ಲ.

ಬೇಗ ಬನ್ನಿ. ಮಗಳ ಎದುರಿಗೆ ಹೇಗೆ ನಿಲ್ಲಬೇಕೆಂದು ನನ್ನನ್ನು ಕೇಳಬೇಡಿ, ಅವಳನ್ನೇ ಕೇಳಿ. ನಿಮಗೆ ಬರೆಯುತ್ತೇನೆಂದು ಪೆನ್ಸಿಲು ಚೂಪು ಮಾಡಿಕೊಂಡು ಕೂತಿದ್ದಾಳೆ. ನಾನು ತಿದ್ದುವುದಿಲ್ಲ, ಓದುವುದೂ ಇಲ್ಲ, ಹಾಗೇ ಕಳಿಸುತ್ತೇನೆ.

ನಿಮ್ಮ
ಕೃಪಾ

*

ಹುಣಸೂರು
15-12-1968

ಅಪ್ಪನಿಗೆ ಬೆಕ್ಕಮ್ಮ ಮಾಡುವ ನಮಸ್ಕಾರ.

ನಾನು ಚೆನ್ನಾಗಿದೀನಿ. ಅಮ್ಮ ಚೆನ್ನಾಗಿದಾಳೆ. ಗುರುಶಾಂತಮ್ಮಜ್ಜಿ ಎಮ್ಮೆ ಕರು ಹಾಕಿದೆ. ಅದು ಮುಟ್ಟಿದರೆ ಒದೆಯುತ್ತೆ. ನಾನು ಕೇಳಿದೆ ಆದರೂ ಒದೆಯಿತು.

ಕ್ರಿಸ್‌ಮಸ್ಸಿಗೆ ನಾನು ದೇವದೂತೆ. ರೆಕ್ಕೆ ಅಮ್ಮ ಮಾಡಿದಾಳೆ. ರಟ್ಟಿನದು. ಎತ್ತಿಕೊಂಡರೆ ಮುರಿಯುತ್ತೆ. ಅದಕ್ಕೆ ಬಸ್‌ಸ್ಟ್ಯಾಂಡಿಗೆ ರೆಕ್ಕೆ ಹಾಕಿಕೊಂಡು ಬರಲ್ಲ.

ಅಪ್ಪ ನೀವು ಬಸ್ಸು ಇಳಿದ ಮೇಲೆ ಟ್ರಂಕು ಕೆಳಗೆ ಇಡಿ. ಆಮೇಲೆ ಕೇಳಿ. ಮರೀಬೇಡಿ.

ನಾನು ಹೂಂ ಅಂತೀನಿ.

ಇಂತಿ
ರೆಬೆಕ್ಕ
ಎರಡನೇ ತರಗತಿ